ಕಾಲೇಜಿನ ಎಂಒಯು ನಂಬಿಕೊಂಡು ಜರ್ಮನಿಗೆ ಹೊರಡಬಹುದಾ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಬಿಎಸ್ಸಿ ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ, ಫಿಸಿಕ್ಸ್ ಮತ್ತು ಗಣಿತ. ಜರ್ಮನಿಯ ಒಂದು ಕಾಲೇಜಿನ ಜೊತೆ ನಮ್ಮ ಕಾಲೇಜು ಎಂಒಯು (ಪರಸ್ಪರ ತಿಳಿವಳಿಕೆ ಪತ್ರ) ಮಾಡಿಕೊಂಡಿದೆ, ಎಕ್ಸ್‌ಚೇಂಜ್‌ಗೆ ಹೋಗಬಹುದು, ರಿಸರ್ಚ್ ಕೂಡ ಮಾಡಬಹುದು ಅಂತ ಓರಿಯೆಂಟೇಶನ್ ದಿನ ಹೇಳಿದ್ದರು. ಒಂದು ಸೆಮಿಸ್ಟರ್ ಅಲ್ಲಿ ಓದಿದರೆ ಇಲ್ಲಿ ಒಂದು ವರ್ಷ ಹಾಳಾಗುತ್ತಾ? ಖರ್ಚು ಎಷ್ಟು? ಅಪ್ಪನದು ಯಲಹಂಕದಲ್ಲಿ ಚಿಕ್ಕ ಅಂಗಡಿ. ಇದೆಲ್ಲ ಅಡ್ಮಿಶನ್ ಹೊತ್ತಿನಲ್ಲಿ ಹೇಳೋ ಮಾತು, ಸುಮ್ನೆ ದುಡ್ಡು ಹೋಗುತ್ತೆ ಅಂತಾರೆ. ನನಗೆ ನಿಜವಾಗಿ ಬೇಕಿರುವುದು ರಿಸರ್ಚ್. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಅಪ್ಪನ ಅನುಮಾನದಲ್ಲಿ ಅರ್ಧ ನಿಜ ಇದೆ. ಇನ್ನರ್ಧ ನಿಮ್ಮ ಕಾಲೇಜಿನ ಫೈಲಿನಲ್ಲಿದೆ, ಅದನ್ನು ತೆಗೆಸಿ ನೋಡಬೇಕು. ನಾನು ಬಹಳ ಕಾಲ ಒಂದು ಕಾಲೇಜಿನ ಅಂತಾರಾಷ್ಟ್ರೀಯ ವಿಭಾಗದಲ್ಲಿ ಇಂಥ ಅರ್ಜಿಗಳನ್ನೇ ನೋಡಿಕೊಂಡವನು, ಹಾಗಾಗಿ ಸ್ವಲ್ಪ ನೇರವಾಗಿಯೇ ಹೇಳುತ್ತೇನೆ.

ಎರಡು ಕಾಲೇಜಿನ ಮುಖ್ಯಸ್ಥರು ಶಾಲು ಹೊದ್ದು ಫೈಲ್ ಹಿಡಿದು ನಿಂತಿರುವ ಫೋಟೋ ನೀವು ನೋಡಿರುತ್ತೀರಿ. ಆ ಫೈಲಿನಲ್ಲಿ ಸಾಮಾನ್ಯವಾಗಿ ಇರುವುದು ಒಂದೆರಡು ಪುಟ. ವಿದ್ಯಾರ್ಥಿ ವಿನಿಮಯಕ್ಕೆ ಪ್ರಯತ್ನಿಸುತ್ತೇವೆ, ಅಧ್ಯಾಪಕರು ಹೋಗಿ ಬರುತ್ತಾರೆ, ಜಂಟಿ ಸಂಶೋಧನೆಗೆ ಅವಕಾಶ ನೋಡುತ್ತೇವೆ, ಇಷ್ಟೇ. ಯಾರಿಗೂ ಯಾವ ಹೊಣೆಯೂ ಇಲ್ಲ. ನಿಮ್ಮನ್ನು ವಿಮಾನ ಹತ್ತಿಸುವ ಕಾಗದ ಬೇರೆ ಇದೆ, ಅದು ಸ್ಟೂಡೆಂಟ್ ಎಕ್ಸ್‌ಚೇಂಜ್ ಅಗ್ರಿಮೆಂಟ್. ವರ್ಷಕ್ಕೆ ಎಷ್ಟು ಸೀಟು, ಯಾವ ವಿಭಾಗಕ್ಕೆ, ಅಲ್ಲಿನ ಬೋಧನಾ ಶುಲ್ಕ ಮನ್ನಾ ಇದೆಯಾ, ರೂಮು ಯಾರು ಕೊಡಿಸುತ್ತಾರೆ, ಒಪ್ಪಂದ ಯಾವ ತಾರೀಕಿಗೆ ಮುಗಿಯುತ್ತೆ, ಇದೆಲ್ಲ ಅದರಲ್ಲಿ ಬರೆದಿರುತ್ತದೆ. ಇಂಥ ಒಪ್ಪಂದಗಳು ಮೂರೋ ಐದೋ ವರ್ಷಕ್ಕೆ ಮುಗಿದುಹೋಗುವುದು ಮಾಮೂಲು, ನವೀಕರಿಸಲು ಯಾರಿಗೂ ನೆನಪಿರುವುದಿಲ್ಲ. ಬ್ರೋಷರ್‌ನಲ್ಲಿ ಮಾತ್ರ ಆ ಕಾಲೇಜಿನ ಲೋಗೋ ಹಾಗೇ ಕೂತಿರುತ್ತದೆ.

ಕಾಲೇಜುಗಳು ಇಷ್ಟೊಂದು ಎಂಒಯು ಯಾಕೆ ಮಾಡಿಕೊಳ್ಳುತ್ತವೆ ಗೊತ್ತಾ? ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ಮೂರನೇ ಮಾನದಂಡದ ಕೊನೆಯಲ್ಲಿ 'ಸಹಯೋಗ' ಅಂತ ಒಂದು ಭಾಗವಿದೆ. ಚಾಲ್ತಿಯಲ್ಲಿರುವ ಒಪ್ಪಂದ ಎಷ್ಟು, ಅದರಡಿ ಏನೇನು ನಡೆಯಿತು ಅನ್ನುವುದಕ್ಕೆ ಅಲ್ಲಿ ಅಂಕ ಸಿಗುತ್ತದೆ. ಇದರಿಂದ ನಿಮಗೊಂದು ಅನುಕೂಲ ಇದೆ. ಆ ವಿವರಗಳನ್ನೆಲ್ಲ ಕಾಲೇಜು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಐಕ್ಯೂಎಸಿ (ಕಾಲೇಜಿನ ಗುಣಮಟ್ಟ ವಿಭಾಗ) ಅನ್ನುವ ಭಾಗಕ್ಕೆ ಹೋಗಿ, ಎಸ್‌ಎಸ್‌ಆರ್ ಅನ್ನುವ ಸ್ವಯಂ ಅಧ್ಯಯನ ವರದಿ ಅಥವಾ ಎಕ್ಯೂಎಆರ್ ಅನ್ನುವ ವರ್ಷವರ್ಷದ ವರದಿ ತೆರೆದು, ಮೂರನೇ ಮಾನದಂಡದ ಕೆಳಗೆ ನಿಮ್ಮ ಜರ್ಮನ್ ಕಾಲೇಜಿನ ಹೆಸರು ಹುಡುಕಿ. ಅದರ ಎದುರು 'ಆನ್‌ಲೈನ್ ಉಪನ್ಯಾಸ', 'ವೆಬಿನಾರ್' ಅಂತ ಮಾತ್ರ ಇದ್ದರೆ ಯಾರೂ ಇನ್ನೂ ಹೋಗಿಲ್ಲ ಅಂತಲೇ ಅರ್ಥ. ವಿದ್ಯಾರ್ಥಿಗಳು ಹೋಗಿದ್ದಾರೆ ಅಂತಿದ್ದರೆ ಅವರ ಬ್ಯಾಚ್ ಯಾವುದು ನೋಡಿ, ಡಿಪಾರ್ಟ್‌ಮೆಂಟಿನಲ್ಲಿ ವಿಚಾರಿಸಿ, ಅವರನ್ನೇ ಹಿಡಿದು ಮಾತಾಡಿ. ಹೋಗಿ ಬಂದ ಒಬ್ಬ ಸೀನಿಯರ್ ಜೊತೆ ಅರ್ಧ ಗಂಟೆ ಕೂತರೆ ಇನ್ಯಾವ ಓರಿಯೆಂಟೇಶನ್ನೂ ಬೇಕಾಗಿಲ್ಲ.

ಈಗ ವರ್ಷ ಹಾಳಾಗುತ್ತಾ ಅನ್ನುವ ಪ್ರಶ್ನೆ. ಇದಕ್ಕೆ ಉತ್ತರ ನಿಮ್ಮ ಕಾಲೇಜು ಎಂಥದ್ದು ಅನ್ನುವುದರ ಮೇಲಿದೆ. ಸ್ವಾಯತ್ತ ಕಾಲೇಜಾದರೆ ಸಿಲಬಸ್ ಮಾಡುವವರೂ ಪರೀಕ್ಷೆ ನಡೆಸುವವರೂ ಅವರೇ. ಬೋರ್ಡ್ ಆಫ್ ಸ್ಟಡೀಸ್, ಆಮೇಲೆ ಅಕಾಡೆಮಿಕ್ ಕೌನ್ಸಿಲ್ ಒಪ್ಪಿದರೆ ಅಲ್ಲಿ ಓದಿದ ಪೇಪರನ್ನು ಇಲ್ಲಿ ಲೆಕ್ಕಕ್ಕೆ ತಗೊಳ್ಳಬಹುದು. ವಿಶ್ವವಿದ್ಯಾಲಯಕ್ಕೆ ಸಂಯೋಜಿತ ಮಾಮೂಲಿ ಕಾಲೇಜಾದರೆ ನಿಮ್ಮ ಪ್ರಿನ್ಸಿಪಾಲರಿಗೆ ಎಷ್ಟೇ ಮನಸ್ಸಿದ್ದರೂ ಕ್ರೆಡಿಟ್ ಕೊಡುವ ಅಧಿಕಾರ ಅವರ ಕೈಲಿಲ್ಲ. ನೀವು ಹೋಗಬಹುದಾದ ಐದನೇ ಸೆಮಿಸ್ಟರಿನ ಪರೀಕ್ಷೆ ವಿಶ್ವವಿದ್ಯಾಲಯದ್ದು, ಶೇ. 75 ಹಾಜರಾತಿ ಬೇಕು, ನೀವು ಇಲ್ಲದಿದ್ದರೆ ಹಾಲ್‌ಟಿಕೆಟ್ ಇಲ್ಲ. ವಿಶ್ವವಿದ್ಯಾಲಯದಿಂದ ಲಿಖಿತ ಒಪ್ಪಿಗೆ ಬಾರದೆ ಹೊರಟರೆ ವರ್ಷ ಹೋಗುವ ಸಾಧ್ಯತೆ ನಿಜಕ್ಕೂ ಇದೆ. ಇದನ್ನು ಓರಿಯೆಂಟೇಶನ್ ವೇದಿಕೆಯ ಮೇಲಿಂದ ಯಾರೂ ಹೇಳುವುದಿಲ್ಲ.

ಸ್ವಾಯತ್ತ ಅಂತಲೇ ಇಟ್ಟುಕೊಳ್ಳೋಣ. ಆಗ ಮಾಡಬೇಕಾದ ಮುಖ್ಯ ಕೆಲಸ ಒಂದು ಪಟ್ಟಿ. ಎಡಗಡೆ ನಿಮ್ಮ ಐದನೇ ಸೆಮಿಸ್ಟರಿನ ಪೇಪರ್‌ಗಳು, ಬಲಗಡೆ ಅಲ್ಲಿನ ಮಾಡ್ಯೂಲ್‌ಗಳು. ಲರ್ನಿಂಗ್ ಅಗ್ರಿಮೆಂಟ್ ಅನ್ನುವುದು ಇದಕ್ಕೇ. ನಿಮ್ಮದು, ನಿಮ್ಮ ಕಾಲೇಜಿನದು, ಅಲ್ಲಿನದು, ಮೂರೂ ಸಹಿ ಬೀಳಬೇಕು. ಯುರೋಪಿನಲ್ಲಿ ಒಂದು ಪೂರ್ತಿ ಸೆಮಿಸ್ಟರ್ ಅಂದರೆ 30 ಇಸಿಟಿಎಸ್ (ಯುರೋಪಿನವರ ಕ್ರೆಡಿಟ್ ಲೆಕ್ಕ) ಕ್ರೆಡಿಟ್, ವರ್ಷಕ್ಕೆ 60. ನಿಮ್ಮ ಸೆಮಿಸ್ಟರ್ 24 ಕ್ರೆಡಿಟ್ ಅಂದುಕೊಂಡರೆ ಅಲ್ಲಿನ 5ಕ್ಕೆ ಇಲ್ಲಿನ 4 ಕೂಡುತ್ತದೆ. ಕ್ವಾಂಟಮ್ ಮೆಕ್ಯಾನಿಕ್ಸ್, ಲೀನಿಯರ್ ಆಲ್ಜೀಬ್ರಾ ತರಹದ ಪೇಪರ್‌ಗಳಿಗೆ ಜೋಡಿ ಸುಲಭವಾಗಿ ಸಿಗುತ್ತದೆ. ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಪ್ರಾಕ್ಟಿಕಲ್‌ನಲ್ಲಿ. ಇಲ್ಲಿ ಪ್ರತಿ ಪೇಪರಿಗೂ ಬೇರೆ ಲ್ಯಾಬ್, ಬೇರೆ ರೆಕಾರ್ಡ್ ಬುಕ್, ಬೇರೆ ಇಂಟರ್ನಲ್. ಅಲ್ಲಿ ಎಲ್ಲಾ ಸೇರಿ ಒಂದು ದೊಡ್ಡ ಲ್ಯಾಬ್ ಕೋರ್ಸ್ ಇರಬಹುದು, ಅಥವಾ ಅದು ಆ ಸೆಮಿಸ್ಟರ್‌ನಲ್ಲಿ ಇಲ್ಲದೇ ಇರಬಹುದು. ಆಗ ಲ್ಯಾಬ್ ಮೇಷ್ಟ್ರ ಹತ್ತಿರ ಹೋಗಿ, ಅಲ್ಲಿ ಮಾಡುವ ಪ್ರಯೋಗಗಳ ಪಟ್ಟಿ ತೋರಿಸಿ, ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ವಾಪಸ್ ಬಂದ ಮೇಲೆ ಮುಂದಿನ ಬ್ಯಾಚ್ ಜೊತೆ ಮಾಡಬೇಕು ಅಂತ ಹೋಗುವ ಮೊದಲೇ ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಲೆಯಿಲ್ಲ. ನೀವು ವಾಪಸ್ ಬರುವ ಹೊತ್ತಿಗೆ ಆ ಮೇಷ್ಟ್ರು ಎಚ್‌ಒಡಿ ಆಗಿರಬಹುದು, ವರ್ಗವೂ ಆಗಿರಬಹುದು. ಜೋಡಿ ಸಿಗದೆ ಉಳಿದ ಒಂದೆರಡು ಥಿಯರಿ ಪೇಪರಿಗೆ ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ಕೋರ್ಸ್ ಒಂದು ದಾರಿ. ಒಂದು ಸೆಮಿಸ್ಟರ್‌ನಲ್ಲಿ ಶೇ. 40ರವರೆಗೆ ಅಲ್ಲಿಂದ ತಗೊಳ್ಳಲು ಯುಜಿಸಿ 2021ರಲ್ಲೇ ಒಪ್ಪಿದೆ, ನಿಮ್ಮ ಕಾಲೇಜು ಅದನ್ನು ಅಳವಡಿಸಿಕೊಂಡಿರಬೇಕು ಅಷ್ಟೇ.

ಅಂಕದ ಬಗ್ಗೆ ಇನ್ನೊಂದು ಮಾತು. ಜರ್ಮನಿಯಲ್ಲಿ ಗ್ರೇಡ್ ತಲೆಕೆಳಗು. 1.0 ಅಂದರೆ ಅತ್ಯುತ್ತಮ, 4.0 ಅಂದರೆ ಹೇಗೋ ಪಾಸು, 5.0 ಫೇಲು. ನಿಮ್ಮ ಮಾರ್ಕ್ಸ್ ಕಾರ್ಡ್ ಟೈಪ್ ಮಾಡುವ ಪರೀಕ್ಷಾ ವಿಭಾಗದ ಗುಮಾಸ್ತರಿಗೆ ಇದು ಗೊತ್ತಿರಬೇಕು ಅಂತೇನೂ ಇಲ್ಲ. ಯಾವ ಗ್ರೇಡಿಗೆ ಇಲ್ಲಿ ಎಷ್ಟು ಅಂಕ ಅನ್ನುವ ಕೋಷ್ಟಕವನ್ನೂ ಆ ಲರ್ನಿಂಗ್ ಅಗ್ರಿಮೆಂಟ್ ಜೊತೆ ಪಿನ್ ಮಾಡಿಸಿ.

ಕ್ಯಾಲೆಂಡರ್ ಕೂಡ ನೋಡಿ. ನಿಮ್ಮ ಐದನೇ ಸೆಮಿಸ್ಟರ್ ಹೆಚ್ಚುಕಡಿಮೆ ಆಗಸ್ಟ್‌ನಿಂದ ಡಿಸೆಂಬರ್. ಅಲ್ಲಿನ ವಿಂಟರ್ ಸೆಮಿಸ್ಟರ್ ಪಾಠ ಬಹಳ ಕಡೆ ಅಕ್ಟೋಬರ್ ಮಧ್ಯದಲ್ಲಿ ಶುರುವಾಗಿ ಫೆಬ್ರವರಿವರೆಗೆ ನಡೆಯುತ್ತದೆ, ಪರೀಕ್ಷೆ ಆಮೇಲೆ. ಅಂದರೆ ಇಲ್ಲಿ ಆರನೇ ಸೆಮಿಸ್ಟರ್ ಶುರುವಾಗಿ ಕೆಲವು ವಾರ ಕಳೆದ ಮೇಲೆ ನೀವು ಬಂದಿಳಿಯುತ್ತೀರಿ. ಆ ವಾರಗಳ ಹಾಜರಾತಿಗೆ ಮುಂಚೆಯೇ ಅನುಮತಿ ಪತ್ರ ಬೇಕು. ಕರ್ನಾಟಕದಲ್ಲಿ 2024-25ರಿಂದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ನಾಲ್ಕು ವರ್ಷದವರಿಗೆ ಇರುವ ಹಾಗೆ ಆರಾಮಾಗಿ ಏಳನೇ ಸೆಮಿಸ್ಟರ್‌ನಲ್ಲಿ ಹೋಗುತ್ತೇನೆ ಅನ್ನುವ ಸೌಲಭ್ಯ ನಿಮಗಿಲ್ಲ. ಐದೇ ಸರಿಯಾದ ಸಮಯ. ಆರನೆಯದರಲ್ಲಿ ಹೋದರೆ ಕೊನೆಯ ಮಾರ್ಕ್ಸ್ ಕಾರ್ಡ್ ತಡವಾಗಿ ಎಂಎಸ್ಸಿ ಪ್ರವೇಶಕ್ಕೆ ತೊಂದರೆ ಆಗುತ್ತದೆ.

ಖರ್ಚಿಗೆ ಬರೋಣ. ಎಕ್ಸ್‌ಚೇಂಜ್‌ನಲ್ಲಿ ನಿಮ್ಮ ಕಾಲೇಜಿನ ಫೀಸು ಇಲ್ಲಿ ಕಟ್ಟುತ್ತಲೇ ಇರುತ್ತೀರಿ, ಅಲ್ಲಿನದು ಮನ್ನಾ. ಅಮೆರಿಕದ ಕಾಲೇಜಾದರೆ ಈ ಮನ್ನಾ ಅನ್ನುವುದೇ ಲಕ್ಷಗಟ್ಟಲೆ ರೂಪಾಯಿಯ ಮಾತು. ಜರ್ಮನಿಯಲ್ಲಿ ಹಾಗಿಲ್ಲ. ಅಲ್ಲಿನ ಸರ್ಕಾರಿ ಕಾಲೇಜುಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಇದೆ. ಹಾಗಾಗಿ 'ಟ್ಯೂಷನ್ ಫೀ ಪೂರ್ತಿ ಮನ್ನಾ' ಅಂತ ನಿಮ್ಮ ಕಾಲೇಜು ದೊಡ್ಡದಾಗಿ ಹೇಳಿಕೊಂಡರೆ ತಲೆಯಾಡಿಸಿ, ಮುಂದಿನ ಪ್ರಶ್ನೆ ಕೇಳಿ: ಹಾಸ್ಟೆಲ್ ರೂಮು ಗ್ಯಾರಂಟಿ ಇದೆಯಾ? ಜರ್ಮನಿಯ ಊರುಗಳಲ್ಲಿ ವಿದ್ಯಾರ್ಥಿಗೆ ರೂಮು ಸಿಗುವುದೇ ಕಷ್ಟ. ಪಾರ್ಟ್ನರ್ ಕಾಲೇಜು ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಅಂತ ರೂಮು ತೆಗೆದಿಟ್ಟಿದ್ದರೆ ಆ ಒಪ್ಪಂದದಲ್ಲಿ ಬೆಲೆಬಾಳುವ ಸಾಲು ಅದೇ.

ವೀಸಾಕ್ಕೆ ಹಣ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಆ ಲೆಕ್ಕ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಐದು ತಿಂಗಳಿಗೆ ಸುಮಾರು ಐದು ಸಾವಿರ ಯೂರೋ, ನಮ್ಮ ದುಡ್ಡಿನಲ್ಲಿ ಐದು ಲಕ್ಷದ ಆಸುಪಾಸು. ಈ ಹಣ ಬ್ಲಾಕ್ಡ್ ಅಕೌಂಟಿನಲ್ಲಿದ್ದರೆ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ಅಲ್ಲಿ ನಿಮ್ಮ ಊಟ, ಬಾಡಿಗೆಗೆ ತಿಂಗಳು ತಿಂಗಳು ವಾಪಸ್ ಬರುತ್ತದೆ, ಎಲ್ಲೂ ಹೋಗುವುದಿಲ್ಲ. ಆದರೆ ಮೊದಲೇ ಒಟ್ಟಿಗೆ ಹೊಂದಿಸಬೇಕು, ಅಪ್ಪನಿಗೆ ಕಷ್ಟ ಆಗುವುದು ಅದೇ ಜಾಗದಲ್ಲಿ. ಅದರ ಮೇಲೆ ವಿಮಾನ ಟಿಕೆಟ್ಟು. ಆರೋಗ್ಯ ವಿಮೆಗೆ ತಿಂಗಳಿಗೆ 140 ಯೂರೋ ಮೀರುತ್ತದೆ, ಆದರೆ ಅದನ್ನು 992ರ ಒಳಗೇ ನಿಭಾಯಿಸಬೇಕು. ಸಾಲ ಮಾಡಿ ಒಂದು ಸೆಮಿಸ್ಟರಿಗೆ ಹೋಗಬೇಡಿ. ಇದು ನನ್ನ ಖಡಕ್ ಅಭಿಪ್ರಾಯ. ಪೂರ್ತಿ ಡಿಗ್ರಿಗೆ ಸಾಲ ಮಾಡಿದರೆ ಕೈಗೊಂದು ಪದವಿಯಾದರೂ ಬರುತ್ತದೆ.

ಹಾಗಾದರೆ ಬಡ, ಮಧ್ಯಮ ವರ್ಗದ ಮಕ್ಕಳು ಹೋಗುವುದೇ ಇಲ್ವಾ? ಹೋಗುತ್ತಾರೆ, ಎರಾಸ್ಮಸ್ ಪ್ಲಸ್ ಅನ್ನುವ ಐರೋಪ್ಯ ಒಕ್ಕೂಟದ ಯೋಜನೆಯ ದುಡ್ಡಿನಲ್ಲಿ. ಅದರಲ್ಲಿ ಇಂಟರ್‌ನ್ಯಾಷನಲ್ ಕ್ರೆಡಿಟ್ ಮೊಬಿಲಿಟಿ ಅಂತ ಒಂದು ವಿಭಾಗವಿದೆ. ಯುರೋಪಿಗೆ ಬರುವ ವಿದ್ಯಾರ್ಥಿಗೆ ತಿಂಗಳಿಗೆ 800ರಿಂದ 900 ಯೂರೋ, ಪ್ರಯಾಣಕ್ಕೆ ಬೇರೆ, ಬೋಧನಾ ಶುಲ್ಕ ಇಲ್ಲ. ಇದಕ್ಕೆ ವಿದ್ಯಾರ್ಥಿ ತಾನಾಗಿ ಅರ್ಜಿ ಹಾಕುವ ಹಾಗಿಲ್ಲ. ಯುರೋಪಿನ ಕಾಲೇಜು ಹಣಕ್ಕೆ ಅರ್ಜಿ ಹಾಕಿ ಗೆದ್ದಿರಬೇಕು, ನಿಮ್ಮ ಕಾಲೇಜು ಆ ಅರ್ಜಿಯಲ್ಲಿ ಜೊತೆಗಾರನಾಗಿರಬೇಕು. ಒಪ್ಪಂದದಿಂದ ನಿಜವಾದ ಲಾಭ ಅಂದರೆ ಇದು. ಆದ್ದರಿಂದ ನಿಮ್ಮ ಅಂತಾರಾಷ್ಟ್ರೀಯ ವಿಭಾಗಕ್ಕೆ ಹೋಗಿ "ಈ ಪಾರ್ಟ್ನರ್ ಜೊತೆ ಎರಾಸ್ಮಸ್ ಪ್ಲಸ್ ಮೊಬಿಲಿಟಿ ಫಂಡ್ ಇದೆಯಾ, ನಮ್ಮ ವಿಭಾಗಕ್ಕೆ ಎಷ್ಟು ಸೀಟು?" ಅಂತ ಕೇಳಿ. ಅವರು ತಡವರಿಸಿದರೆ ಇಲ್ಲ ಅಂತ ತಿಳಿಯಿರಿ. ಜಪಾನ್ ಕಾಲೇಜಿನ ಜೊತೆ ಒಪ್ಪಂದ ಇರುವವರೂ ಇದನ್ನು ಓದುತ್ತಿದ್ದರೆ, ಅಲ್ಲಿ ಜಾಸೋ ಅಂತ ಸರ್ಕಾರಿ ಸಂಸ್ಥೆ ಇದೆ, ಒಪ್ಪಂದದ ಮೂಲಕ ಬರುವ ವಿದ್ಯಾರ್ಥಿಗಳಲ್ಲಿ ಆಯ್ಕೆಯಾದವರಿಗೆ ತಿಂಗಳಿಗೆ 80,000 ಯೆನ್ ಕೊಡುತ್ತದೆ. ಅದನ್ನೂ ಜಪಾನಿನ ಕಾಲೇಜೇ ಶಿಫಾರಸು ಮಾಡಬೇಕು.

ಇನ್ನು ಭಾಷೆ. ಜರ್ಮನಿಯಲ್ಲಿ ಇಂಗ್ಲಿಷ್ ಪಾಠ ಜಾಸ್ತಿ ಇರುವುದು ಮಾಸ್ಟರ್ಸ್‌ನಲ್ಲಿ. ಬ್ಯಾಚುಲರ್ ಮಟ್ಟದ ಫಿಸಿಕ್ಸ್ ಬಹಳ ಕಡೆ ಜರ್ಮನ್‌ನಲ್ಲೇ ನಡೆಯುತ್ತದೆ. ಇಂಗ್ಲಿಷ್ ಮಾಡ್ಯೂಲ್‌ಗಳ ಪಟ್ಟಿ ತರಿಸಿಕೊಳ್ಳದೆ ಮುಂದೆ ಹೆಜ್ಜೆ ಇಡಬೇಡಿ. ಎಷ್ಟೋ ಎಕ್ಸ್‌ಚೇಂಜ್ ಯೋಜನೆಗಳು ನೆಲಕಚ್ಚುವುದು ಈ ಪಟ್ಟಿ ಕೈಗೆ ಬಂದ ದಿನ.

ಹತ್ತು ದಿನದ 'ಇಮ್ಮರ್ಶನ್ ಪ್ರೋಗ್ರಾಂ' ಅಂತ ಬಂದರೆ ಅದು ಪ್ರವಾಸ. ಸರ್ಟಿಫಿಕೇಟ್ ಕೊಡುತ್ತಾರೆ, ಕ್ಯಾಂಪಸ್ ತೋರಿಸುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ದುಡ್ಡಿದ್ದವರು ಹೋಗಲಿ, ನೀವು ಬೇಡ.

ಈಗ ನಿಮ್ಮ ನಿಜವಾದ ಆಸೆ, ರಿಸರ್ಚ್. ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ: ಅದಕ್ಕೆ ಸೆಮಿಸ್ಟರ್ ಎಕ್ಸ್‌ಚೇಂಜ್ ಒಳ್ಳೆಯ ದಾರಿ ಅಲ್ಲ. ಸೆಮಿಸ್ಟರ್‌ನಲ್ಲಿ ಪಾಠ, ಅಸೈನ್‌ಮೆಂಟು, ಹೊಸ ಊರು, ಅಡುಗೆ ಎಲ್ಲಾ ಸೇರಿ ಲ್ಯಾಬಿಗೆ ವಾರದಲ್ಲಿ ಒಂದು ದಿನ ಸಿಕ್ಕರೆ ಪುಣ್ಯ. ರಿಸರ್ಚ್‌ಗೆ ಬೇಕಿರುವುದು ಬೇಸಿಗೆ ರಜೆಯ ಎರಡು ತಿಂಗಳು, ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಕೆಲಸ. ಇಲ್ಲಿ ಕ್ರೆಡಿಟ್ ಗಲಾಟೆಯೂ ಇಲ್ಲ. ಎರಾಸ್ಮಸ್ ಪ್ಲಸ್‌ನಲ್ಲಿ ಓದಿಗೆ ಮಾತ್ರವಲ್ಲ, ಎರಡು ತಿಂಗಳಿಗಿಂತ ಕಡಿಮೆಯಾಗದ ಟ್ರೈನಿಶಿಪ್‌ಗೂ ಅವಕಾಶ ಇದೆ, ಒಪ್ಪಂದದಲ್ಲಿ ಅದು ಸೇರಿದೆಯಾ ಕೇಳಿ.

ಎರಡು ಕಾಲೇಜುಗಳ ಮಧ್ಯೆ ಜಂಟಿ ಸಂಶೋಧನೆ ನಿಜಕ್ಕೂ ನಡೆಯುತ್ತಿದೆಯಾ ಅಂತ ತಿಳಿಯುವುದು ಸುಲಭ. ಗೂಗಲ್ ಸ್ಕಾಲರ್‌ನಲ್ಲಿ ಎರಡೂ ಕಾಲೇಜಿನ ಹೆಸರು ಒಟ್ಟಿಗೆ ಹಾಕಿ ಹುಡುಕಿ. ಇತ್ತೀಚಿನ ಎರಡು ಮೂರು ವರ್ಷದಲ್ಲಿ ನಿಮ್ಮ ಮೇಷ್ಟ್ರೊಬ್ಬರೂ ಅಲ್ಲಿನ ಪ್ರೊಫೆಸರ್ ಒಬ್ಬರೂ ಸೇರಿ ಬರೆದ ಪೇಪರ್ ಸಿಕ್ಕರೆ, ನಿಮ್ಮ ಬಾಗಿಲು ಅದೇ. ಅಂತಾರಾಷ್ಟ್ರೀಯ ವಿಭಾಗಕ್ಕಿಂತ ಮೊದಲು ಆ ಮೇಷ್ಟ್ರ ರೂಮಿಗೆ ಹೋಗಿ. ಅವರ ಹತ್ತಿರ ಈ ಸೆಮಿಸ್ಟರ್‌ನಲ್ಲೇ ಸಣ್ಣ ಕೆಲಸ ಏನಾದರೂ ಕೇಳಿ. ಡೇಟಾ ಪ್ಲಾಟ್ ಮಾಡುವುದಿರಲಿ, ಸ್ಯಾಂಪಲ್ ತೊಳೆಯುವುದಿರಲಿ, ಮಾಡಿ. ಅವರು ನಾಳೆ ಬರೆಯುವ ಎರಡು ಸಾಲಿನ ಪರಿಚಯ ನಿಮ್ಮ ಸಿಜಿಪಿಎಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಆ ಪರಿಚಯ ಸಿಗದಿದ್ದರೆ ನೇರವಾಗಿ ಮೇಲ್ ಬರೆಯಬೇಕು. ನಮ್ಮ ಮಕ್ಕಳು ಬರೆಯುವ ಮೇಲ್ ಹೇಗಿರುತ್ತೆ ಅಂದರೆ, 'ರೆಸ್ಪೆಕ್ಟೆಡ್ ಸರ್' ಅಂತ ಶುರು, ಆಮೇಲೆ ತಮ್ಮ ಆಸಕ್ತಿಯ ಬಗ್ಗೆ ಒಂದು ಪುಟ, ಕೊನೆಗೆ ಹತ್ತನೇ ಕ್ಲಾಸಿನ ಶೇಕಡಾವಾರು, ಅದೇ ಮೇಲ್ ಇನ್ನೂ ಮೂವತ್ತು ಪ್ರೊಫೆಸರ್‌ಗಳಿಗೆ ಸಿಸಿ, ಪ್ರೊಫೆಸರ್ ಹೆಂಗಸಾಗಿದ್ದರೂ 'ಸರ್'. ಯಾರು ಉತ್ತರ ಕೊಡುತ್ತಾರೆ? ಆರು ಏಳು ಸಾಲು ಸಾಕು. ಅವರ ಯಾವ ಪೇಪರ್ ಓದಿದಿರಿ, ಅದರ ಯಾವ ಗ್ರಾಫ್ ನಿಮಗೆ ಅರ್ಥವಾಗಲಿಲ್ಲ ಅಥವಾ ಕುತೂಹಲ ಹುಟ್ಟಿಸಿತು, ನಿಮ್ಮ ಕೈಯಿಂದ ಏನು ಆಗುತ್ತದೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಬಿಡುವು. 'ಪೈಥಾನ್ ಗೊತ್ತು' ಅನ್ನಬೇಡಿ. ಥರ್ಮೋಕಪಲ್ ರೀಡಿಂಗ್ ತಗೊಂಡು ಪೈಥಾನ್‌ನಲ್ಲಿ ಫಿಟ್ ಮಾಡಿದ್ದೇನೆ ಅಂತ ಬರೆಯಿರಿ, ಆ ಪ್ಲಾಟ್ ಲಗತ್ತಿಸಿ. ಎರಡು ವಾರ ಉತ್ತರ ಬಾರದಿದ್ದರೆ ಒಂದೇ ಒಂದು ಸಲ ನೆನಪಿಸಿ.

ಒಪ್ಪಂದದ ಹೊರಗಿನ ದಾರಿಗಳಲ್ಲಿ ಒಂದೆರಡು ಗೊಂದಲ ಇರುತ್ತವೆ. ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಾಡ್ (DAAD) ನಡೆಸುವ ರೈಸ್ ಅನ್ನುವ ಬೇಸಿಗೆ ಇಂಟರ್ನ್‌ಶಿಪ್ ನೋಡಿ ಎಷ್ಟೋ ಜನ ಆಸೆಪಡುತ್ತಾರೆ. ಅದು ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್ ಕಾಲೇಜುಗಳ ವಿದ್ಯಾರ್ಥಿಗಳಿಗೆ. ಅಮೆರಿಕದ ವಿಜ್ಞಾನ ನಿಧಿ ಸಂಸ್ಥೆ ಎನ್‌ಎಸ್‌ಎಫ್ ದುಡ್ಡು ಕೊಡುವ ಆರ್‌ಇಯು ಅನ್ನುವ ಬೇಸಿಗೆ ಸಂಶೋಧನಾ ಸೀಟುಗಳು ಅಲ್ಲಿನ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ. ಇವೆರಡಕ್ಕೆ ಸಮಯ ಹಾಳು ಮಾಡಬೇಡಿ. ಕೆನಡಾದ ಮೈಟಾಕ್ಸ್ ಗ್ಲೋಬಲಿಂಕ್ ಸಂಶೋಧನಾ ಇಂಟರ್ನ್‌ಶಿಪ್ ಮಾತ್ರ ಭಾರತದ ಪದವಿ ವಿದ್ಯಾರ್ಥಿಗಳಿಗೂ ಇರುವಂಥದ್ದು, 12 ವಾರದ ಕೆಲಸ, ಅರ್ಜಿ ಹಿಂದಿನ ವರ್ಷವೇ ಹಾಕಬೇಕು.

ಆದರೆ ನೀವು ಇರುವುದು ಯಾವ ಊರಿನಲ್ಲಿ ಅನ್ನುವುದನ್ನು ಮರೆಯಬೇಡಿ. ಯಲಹಂಕದಿಂದ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಿಎಂಟಿಸಿ ಬಸ್ಸಿನಲ್ಲಿ ಎಷ್ಟು ಹೊತ್ತು? ಅಲ್ಲಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಸದಾಶಿವನಗರದಲ್ಲಿ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ದೇಶದ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಕೊಡುತ್ತದೆ, ಸ್ಟೈಪೆಂಡ್ ಸಮೇತ. ಅದರ ಅರ್ಜಿ ವರ್ಷದ ಕೊನೆಯ ತಿಂಗಳುಗಳಲ್ಲಿ ಮುಗಿದುಹೋಗುತ್ತದೆ. ನಮ್ಮ ಮಕ್ಕಳು ಏಪ್ರಿಲ್‌ನಲ್ಲಿ ಎದ್ದು ಕೇಳುತ್ತಾರೆ. ಫಿಸಿಕ್ಸ್ ಅಂದಮೇಲೆ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಖಭೌತ ಸಂಸ್ಥೆಯ ವಿಸಿಟಿಂಗ್ ಸ್ಟೂಡೆಂಟ್ ಕಾರ್ಯಕ್ರಮವನ್ನೂ ನೋಡಿ. ನಿಮ್ಮ ನಾಲ್ಕನೇ ಸೆಮಿಸ್ಟರ್ ಆದಮೇಲಿನ ಬೇಸಿಗೆ ಇಂಥ ಕಡೆ ಕಳೆದರೆ, ಜರ್ಮನಿಯ ಪ್ರೊಫೆಸರ್‌ಗೆ ಬರೆಯುವ ಮೇಲ್ ತಾನಾಗಿ ಗಟ್ಟಿಯಾಗುತ್ತದೆ. ಅಪ್ಪನ ಜೇಬಿಗೂ ಕೈ ಹಾಕಬೇಕಾಗಿಲ್ಲ.

ಇಷ್ಟಾದ ಮೇಲೂ ಐದನೇ ಸೆಮಿಸ್ಟರಿಗೆ ಹೋಗಲೇಬೇಕು ಅನ್ನಿಸಿದರೆ, ಅಲ್ಲಿನ ಕಾಲೇಜಿಗೆ ನಿಮ್ಮ ಹೆಸರು ಕಳಿಸುವ ಕೆಲಸ ಸಾಮಾನ್ಯವಾಗಿ ಮೇ, ಜೂನ್ ಹೊತ್ತಿಗೆ ಮುಗಿಯುತ್ತದೆ. ಅಂದರೆ ಕಾಲೇಜಿನೊಳಗಿನ ಆಯ್ಕೆ ಜನವರಿ, ಫೆಬ್ರವರಿಯಲ್ಲೇ. ವೀಸಾ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ವ್ಯಾಪ್ತಿಯಲ್ಲೇ ಆಗುತ್ತದೆ, 90 ದಿನ ಮೀರುವುದರಿಂದ ಷೆಂಗೆನ್ ಟೂರಿಸ್ಟ್ ವೀಸಾ ನಡೆಯುವುದಿಲ್ಲ, ನ್ಯಾಷನಲ್ ವೀಸಾ ಬೇಕು. ಪೂರ್ತಿ ಡಿಗ್ರಿಗೆ ಹೋಗುವವರಿಗೆ 2022ರ ನವೆಂಬರ್‌ನಿಂದ ಮಾರ್ಕ್ಸ್ ಕಾರ್ಡುಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಬೇಕು. ನಿಮ್ಮ ಎಕ್ಸ್‌ಚೇಂಜ್‌ಗೆ ಅದು ಬೇಕಾ ಅಂತ ಪಾರ್ಟ್ನರ್ ಕಾಲೇಜಿನಿಂದ ಮೇಲ್‌ನಲ್ಲೇ ಉತ್ತರ ತರಿಸಿ.

ಮತ್ತೆ ಪಾಸ್‌ಪೋರ್ಟ್. ಇನ್ನೂ ಮಾಡಿಸಿಲ್ಲ ಅಂದರೆ ಈ ತಿಂಗಳೇ ಅರ್ಜಿ ಹಾಕಿ. ನಮ್ಮ ಕಡೆಯವರಿಗೆ ಒಂದು ತಾಪತ್ರಯ ಇದೆ: ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಅಥವಾ ಹಿಂದೆ ಇನಿಶಿಯಲ್ ಮಾತ್ರ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಬರೆಯಬೇಕು. ಅಲ್ಲಿನ ಕಾಲೇಜಿಗೆ ಹೋಗುವ ನಾಮನಿರ್ದೇಶನ, ಲರ್ನಿಂಗ್ ಅಗ್ರಿಮೆಂಟ್, ಬ್ಲಾಕ್ಡ್ ಅಕೌಂಟ್, ವಿಮೆ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರೇ ಇರಲಿ. ಎರಡೂ ಹೆಸರು ಒಬ್ಬರದೇ ಅಂತ ಪ್ರಿನ್ಸಿಪಾಲರಿಂದ ಸೀಲು ಹಾಕಿಸಿದ ಒಂದು ಪತ್ರ ಮಾಡಿಸಿ, ನಾಲ್ಕೈದು ಪ್ರತಿ ಇಟ್ಟುಕೊಳ್ಳಿ.